ಬಸಪ್ಪ, ಬಸವರಾಜ, ರಿಷಭ್: ಒಂದೇ ಬಸವನ ಮೂರು ಹೆಸರು

ಹೋದ ತಿಂಗಳು ನಮ್ಮ ಮನೆಗೆ ಒಂದು ಲಗ್ನಪತ್ರಿಕೆ ಬಂತು. ಚಿಕ್ಕಪ್ಪನ ಮಗಳ ಮದುವೆ. ಗದಗ, ಧಾರವಾಡ ಕಡೆಯ ಪತ್ರಿಕೆ ನೋಡಿದವರಿಗೆ ಗೊತ್ತು, ಒಂದು ಹಾಳೆಯಲ್ಲಿ ಇಡೀ ಮನೆತನ ತುಂಬಿರುತ್ತದೆ. ಮೇಲೆ ಮನೆದೇವರು. ಅದರ ಕೆಳಗೆ ತೀರಿಹೋದ ಹಿರಿಯರು. ನಡುವೆ ಕರೆಯುವ ದೊಡ್ಡಪ್ಪ, ಚಿಕ್ಕಪ್ಪ, ಅಣ್ಣತಮ್ಮಂದಿರು. ಎಲ್ಲಕ್ಕಿಂತ ಕೆಳಗೆ ಸಣ್ಣ ಮಕ್ಕಳ ಸಾಲು, 'ನಮ್ಮ ಅತ್ತಿ ಮದುವಿಗೆ ತಪ್ಪದ ಬರ್ರಿ' ಅಂತ.

ಆ ಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ ಓದಿದೆ. ಹಿರಿಯರ ಸಾಲಿನಲ್ಲಿ ನನ್ನ ಅಜ್ಜ ಬಸಪ್ಪ. ಕರೆಯುವವರ ಸಾಲಿನಲ್ಲಿ ನನ್ನ ತಮ್ಮ ಬಸವರಾಜ. ಮಕ್ಕಳ ಸಾಲಿನಲ್ಲಿ ತಮ್ಮನ ಮಗ ರಿಷಭ್. ಮೊದಲಿನ ಎರಡು ಹೆಸರು ಒಂದೇ ಎಂದು ಯಾರಿಗಾದರೂ ಕಾಣುತ್ತದೆ. ಮೂರನೆಯದೂ ಅದೇ ಹೆಸರು ಎಂದು ನಾನು ಹೇಳಿದಾಗ ಮನೆಯಲ್ಲಿ ಯಾರೂ ನಂಬಲಿಲ್ಲ.

ಬಸವ ಅಂದರೆ ಗೂಳಿ. ರಿಷಭ ಅಂದರೂ ಗೂಳಿ. ಅಜ್ಜನ ಹೆಸರು ಹಳೆಯದಾಯಿತು ಎಂದು ಬಿಟ್ಟ ಎಷ್ಟೋ ಮನೆಗಳು ಸುತ್ತಿ ಬಳಸಿ ಅದೇ ಅರ್ಥದ ಹೆಸರಿಗೆ ಬಂದು ನಿಂತಿವೆ. ಹೆಸರಿಡುವಾಗ ಎಲ್ಲರೂ 'ಒಳ್ಳೆ ಅರ್ಥ ಇರಬೇಕು' ಅಂತಾರೆ. ಅರ್ಥವೇ ಮುಖ್ಯ ಆಗಿದ್ದರೆ ಬಸವನನ್ನು ಬಿಡಬೇಕಾಗಿರಲಿಲ್ಲ, ಅಲ್ವಾ? ಹಾಗಾದರೆ ನಾವು ಬಿಟ್ಟದ್ದು ಏನನ್ನು? ಇದನ್ನು ನೋಡೋಕೆ ಆ ಪದದ ಹುಟ್ಟಿನಿಂದಲೇ ಶುರು ಮಾಡಬೇಕು.

ಶಾಲೆಯಲ್ಲಿ ತತ್ಸಮ-ತದ್ಭವ ಬಾಯಿಪಾಠ ಮಾಡಿದವರಿಗೆ 'ವೃಷಭ, ಬಸವ' ಅನ್ನುವ ಜೋಡಿ ನೆನಪಿರುತ್ತದೆ. ಸಂಸ್ಕೃತದ ವೃಷಭ ಪ್ರಾಕೃತದಲ್ಲಿ ವಸಹ ಆಯಿತು. ಅದು ಕನ್ನಡಕ್ಕೆ ಬಂದು ಬಸವ ಆಯಿತು. ಈ ಬದಲಾವಣೆ ಬೇಕಾಬಿಟ್ಟಿ ಆದದ್ದಲ್ಲ. ಪದದ ಮೊದಲಲ್ಲಿರುವ ವಕಾರವನ್ನು ಬಕಾರ ಮಾಡುವುದು ಕನ್ನಡದ ಹಳೆಯ ರೂಢಿ. ವರ್ಣ ಬಣ್ಣ ಆಯಿತು, ವಸತಿ ಬಸದಿ ಆಯಿತು, ವಂಧ್ಯೆ ಬಂಜೆ ಆಯಿತು. ಸಂಸ್ಕೃತದಿಂದ ಬಂದ ಪದಗಳಿಗೆ ಮಾತ್ರ ಅಲ್ಲ, ನಮ್ಮದೇ ದ್ರಾವಿಡ ಪದಗಳಲ್ಲೂ ಇದು ಇದೆ. ತಮಿಳರು ವಾ ಅಂದರೆ ನಾವು ಬಾ ಅಂತೀವಿ. ಅವರ ವಾಯ್ ನಮಗೆ ಬಾಯಿ, ಅವರ ವಳೈ ನಮಗೆ ಬಳೆ. ಬಂಗಾಳಿಗಳಲ್ಲೂ ಈ ಗುಣ ಇದೆ. ಅವರ ಬಸು ಅನ್ನುವ ಮನೆತನದ ಹೆಸರು ವಸು ಎಂಬುದರಿಂದ ಬಂದದ್ದು. ನಮ್ಮ ಬಸು ಬೇರೆ, ಅದು ಬಸವರಾಜನ ಮುದ್ದಿನ ರೂಪ. ಕೇಳೋಕೆ ಮಾತ್ರ ಎರಡೂ ಒಂದೇ.

ಷಕಾರ ಸಕಾರ ಆಗುವುದೂ ಹಾಗೆಯೇ. ಋಷಿ ರಿಸಿ ಆಯಿತು, ಭಾಷೆ ಬಾಸೆ ಆಯಿತು. ಇದನ್ನು ತಿಳಿಯೋಕೆ ನನಗೆ ವ್ಯಾಕರಣದ ಪುಸ್ತಕ ಬೇಕಾಗಲಿಲ್ಲ. ನಮ್ಮ ಅಮ್ಮ ಇದ್ದಾಳೆ. ನಮ್ಮ ಕಡೆ ಅಜ್ಜಿಗೆ ಅಮ್ಮ ಅಂತೀವಿ, ತಾಯಿಗೆ ಅವ್ವ. ಎಂಬತ್ತೈದು ದಾಟಿದ ಅಮ್ಮ ತನ್ನ ಮರಿಮೊಮ್ಮಗನನ್ನು ಒಂದು ದಿನವೂ ರಿಷಭ್ ಅಂದಿಲ್ಲ. ಅವಳ ಬಾಯಲ್ಲಿ ಅವನು ರಿಸಬ. ಷ ಹೋಗಿ ಸ ಬಂತು. ಮಹಾಪ್ರಾಣ ಭ ಇಳಿದು ಬ ಆಯಿತು. ಕೊನೆಯಲ್ಲಿ ತುಂಡಾಗಿ ನಿಂತಿದ್ದ ಹೆಸರಿಗೆ ಒಂದು ಅಕಾರ ಸೇರಿ ಕನ್ನಡದ ಪದ ಆಯಿತು. ಸಾವಿರ ವರ್ಷದ ಹಿಂದೆ ಯಾರದೋ ಮನೆಯ ಅಂಗಳದಲ್ಲಿ ವೃಷಭ ಹೇಗೆ ಬಸವ ಆಗಿರಬಹುದು ಅನ್ನುವುದನ್ನು ನಾನು ನಮ್ಮ ಪಡಸಾಲೆಯಲ್ಲಿ ಕೂತು ಕೇಳಿದ್ದೇನೆ.

ಋಷಭ ಮತ್ತು ವೃಷಭ ಸಂಸ್ಕೃತದಲ್ಲಿ ಒಂದೇ ಅರ್ಥದ ಎರಡು ಪದ. ಒಂದರ ಬದಲು ಇನ್ನೊಂದನ್ನು ಬಳಸುವುದಕ್ಕೆ ಜೈನರ ಮೊದಲ ತೀರ್ಥಂಕರನಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅವನು ಋಷಭನಾಥ, ಅವನೇ ವೃಷಭನಾಥ. ಅವನ ಲಾಂಛನ ಗೂಳಿ. ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿರುವ ಬಾಹುಬಲಿಯ ತಂದೆ ಅವನು. ಪಂಪ ಹತ್ತನೆಯ ಶತಮಾನದಲ್ಲಿ ಬರೆದ ಆದಿಪುರಾಣ ಅವನ ಕತೆಯೇ. ಅಂದರೆ ರಿಷಭ ಅನ್ನುವ ಹೆಸರು ಕನ್ನಡ ನಾಡಿಗೆ ಹೊಸದಲ್ಲ. ಆದರೆ ಇವತ್ತು ತೊಟ್ಟಿಲಲ್ಲಿ ಮಲಗಿರುವ ರಿಷಭ್ ಆ ದಾರಿಯಿಂದ ಬಂದವನಲ್ಲ. ಅವನು ಬೇರೆ ಕಡೆಯಿಂದ ಬಂದ. ಅದನ್ನು ಆಮೇಲೆ ನೋಡೋಣ.

ಬಸವ ಮೊದಲಿಗೆ ಮನುಷ್ಯನ ಹೆಸರಾಗುವ ಮುಂಚೆ ಹೊಲಮನೆಯ ಪದ. ಈಗಲೂ ನಮ್ಮೂರಲ್ಲಿ ಎತ್ತನ್ನು ಬಸವಣ್ಣ ಅಂತಾರೆ. ದೇವರ ಹೆಸರಲ್ಲಿ ಬಿಟ್ಟ ಗೂಳಿ ಬಸವ. ಮೈಸೂರು ಕಡೆ ಮನೆಮನೆಗೆ ಬಂದು ತಲೆ ಆಡಿಸುವುದು ಕೋಲೆ ಬಸವ. ಬೆಂಗಳೂರಿನ ಬಸವನಗುಡಿಯಲ್ಲಿ ಇರುವ ದೊಡ್ಡ ಬಸವಣ್ಣನೂ ಕಲ್ಲಿನ ನಂದಿಯೇ, ಹನ್ನೆರಡನೆಯ ಶತಮಾನದ ಬಸವಣ್ಣ ಅಲ್ಲ. ಕಾರ್ತಿಕದ ಕೊನೆಯ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ ನಡೆಯುವುದು ಆ ನಂದಿಗೆ.

ನಮ್ಮ ಮನೆಯಲ್ಲಿ ಈ ಪದ ಜಾಸ್ತಿ ಕೇಳುತ್ತಿದ್ದದ್ದು ಮಣ್ಣೆತ್ತಿನ ಅಮಾವಾಸ್ಯೆಗೆ. ಕೆರೆಯ ದಂಡೆಯಿಂದ ಕರಿಮಣ್ಣು ತಂದು, ನಾದಿ, ಎರಡು ಎತ್ತು ಮಾಡುವುದು. ಕೊಂಬು ಮುರಿಯದಂತೆ ಒಳಗೆ ಕಡ್ಡಿ ಚುಚ್ಚುವುದು. ಮುಂದೆ ಮೇವಿಗೆ ಒಂದು ಮಣ್ಣಿನ ಗ್ವಾದಲಿ. ಎತ್ತಿನ ಕಣ್ಣಿಗೆ ಜೋಳದ ಕಾಳು. ಮಕ್ಕಳೆಲ್ಲ 'ಬಸವಣ್ಣ' ಅಂತ ಕೈ ಮುಗಿದರೆ ಅಮ್ಮ ಮಾತ್ರ 'ನಂದೆಪ್ಪ' ಅನ್ನುತ್ತಿದ್ದಳು. ಸಣ್ಣವಳಿದ್ದಾಗ ಅವಳಿಗೆ ಬೇರೆ ದೇವರು ಇರಬೇಕು ಅಂದುಕೊಂಡಿದ್ದೆ. ದೊಡ್ಡವಳಾದ ಮೇಲೆ ತಿಳಿಯಿತು. ಅವಳ ಗಂಡನ ಹೆಸರು ಬಸಪ್ಪ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು. ಎತ್ತನ್ನು ಕರೆಯುವಾಗಲೂ ಹೇಳಬಾರದು. ಅವಳು ಆ ಹೆಸರು ಹೇಳುತ್ತಿದ್ದದ್ದು ಮದುವೆ ಮುಂಜಿಯಲ್ಲಿ, ಹೆಂಗಸರೆಲ್ಲ ಸುತ್ತ ನಿಂತು ಒಡಪು ಹೇಳು ಅಂತ ಕಾಡಿದಾಗ ಮಾತ್ರ. 'ಬೆಳ್ಳಿ ಬಟ್ಟಲದಾಗ ಬೆಲ್ಲದ ಅಚ್ಚು, ಬಸಪ್ಪನವರ ಮ್ಯಾಲ ನನಗ ಪ್ರೀತಿ ಹೆಚ್ಚು' ಅಂತ ಒಂದೇ ಉಸಿರಿಗೆ ಹೇಳಿ ಸೆರಗು ಬಾಯಿಗೆ ತಂದುಕೊಳ್ಳುತ್ತಿದ್ದಳು.

ಗೂಳಿಯ ಪದ ಮನುಷ್ಯನ ಹೆಸರಾಗಿ ನಾಡನ್ನೆಲ್ಲ ತುಂಬಿಕೊಂಡಿದ್ದಕ್ಕೆ ಕಾರಣ ಬಸವಣ್ಣ. ಬಾಗೇವಾಡಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಬೆಳೆದು, ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಂಡವನು. ನಂದಿಯನ್ನು ಬೇಡಿಕೊಂಡು ಪಡೆದ ಮಗ, ಅದಕ್ಕೇ ಈ ಹೆಸರು ಎಂದು ಪುರಾಣಗಳು ಹೇಳುತ್ತವೆ. ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಬೇರೆಯೇ ಒಂದು ವಿಷಯ. ಆ ಕಾಲದ ದೊಡ್ಡ ಮನೆಯ ಹುಡುಗನಿಗೆ, ಓದು ಬರಹ ಬಲ್ಲ ಮನೆತನದ ಹುಡುಗನಿಗೆ ವೃಷಭ ಅನ್ನುವ ಹೆಸರು ಉಳಿಯಲಿಲ್ಲ. ಜನ ಎತ್ತನ್ನು ಕರೆಯುತ್ತಿದ್ದ ಪದವೇ ಅವನ ಹೆಸರಾಗಿ ಉಳಿಯಿತು. ಮುಂದೆ ಅವನೂ ಜೊತೆಗಿನ ಶರಣರೂ ಜನರ ಮಾತಿನಲ್ಲೇ ವಚನ ಹೇಳಿದರು. ಅವನ ಹೆಸರಿಗೂ ಅವನ ನುಡಿಗೂ ಹೊಂದಿಕೆ ಇದೆ.

ಹೆಸರಿನ ಬಾಲದಲ್ಲಿ ಬರುವ ಅಣ್ಣ, ಅಪ್ಪ, ಅಯ್ಯ, ಅಕ್ಕ, ಅವ್ವ ಅನ್ನುವ ಪದಗಳನ್ನೂ ಸ್ವಲ್ಪ ನೋಡಿ. ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಮಾರಯ್ಯ. ಚಪ್ಪಲಿ ಹೊಲಿಯುವವರು, ದೋಣಿ ನಡೆಸುವವರು, ಹಗ್ಗ ಹೊಸೆಯುವವರು, ಬಿದ್ದ ಅಕ್ಕಿ ಆಯುವವರು. ಅವರ ಹೆಸರಿಗೆಲ್ಲ ಅಯ್ಯ ಸೇರಿದೆ. ಒಬ್ಬರನ್ನು ಹೇಗೆ ಕರೆಯುತ್ತೇವೆ ಅನ್ನುವುದರಲ್ಲೇ ಸ್ವರ್ಗ ನರಕ ಇದೆ ಎಂದು ಬಸವಣ್ಣ ಹೇಳಿದ್ದು ಸುಮ್ನೆ ಅಲ್ಲ. ಇವತ್ತು ನಾವು 'ಹಳ್ಳಿ ಹೆಸರು' ಅಂತ ಕತ್ತರಿಸಿ ಹಾಕುವ ಅಪ್ಪ, ಅಯ್ಯಗಳು ಒಂದು ಕಾಲದಲ್ಲಿ ದುಡಿಯುವ ಜನರಿಗೆ ಮರ್ಯಾದೆ ಕೊಡುವ ಪದಗಳಾಗಿದ್ದವು. ನನಗೆ ಇದು ತುಂಬ ನೋವಿನ ಮಾತು.

ಬಸವನಿಗೆ ಸೇರಿದ ಬಾಲಗಳೂ ತಲೆಗಳೂ ಎಷ್ಟೊಂದು! ಬಸಪ್ಪ, ಬಸಣ್ಣ, ಬಸಯ್ಯ, ಬಸವಂತಪ್ಪ, ಬಸವಣ್ಣೆಪ್ಪ, ಬಸಲಿಂಗಪ್ಪ. ಮುಂದೆ ಸೇರಿಸಿದರೆ ಚನ್ನಬಸಪ್ಪ, ಗುರುಬಸಪ್ಪ, ಸಂಗನಬಸಪ್ಪ, ಶಿವಬಸಪ್ಪ, ದೊಡ್ಡಬಸಪ್ಪ. ಮಂಡ್ಯ, ಮೈಸೂರು ಕಡೆ ಬಸವಯ್ಯ, ಬಸವೇಗೌಡ. ಗಡಿ ದಾಟಿದರೂ ಸಿಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಯ ಮರಾಠಿ ಮಾತಾಡುವ ಮನೆಗಳಲ್ಲೂ ಬಸವರಾಜ ಇದ್ದಾನೆ. ತೆಲುಗಿನಲ್ಲಿ ಎನ್.ಟಿ. ರಾಮರಾವ್ ಅವರ ಪತ್ನಿಯ ಹೆಸರು ಬಸವತಾರಕಂ. ಅವರ ಹೆಸರಿನ ಕ್ಯಾನ್ಸರ್ ಆಸ್ಪತ್ರೆ ಹೈದರಾಬಾದಿನಲ್ಲಿದೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಕತೆ ಬೇರೆ. ಬಸವ್ವ, ಬಸಮ್ಮ, ಬಸಲಿಂಗವ್ವ ಇದ್ದರು, ಈಗಲೂ ವಯಸ್ಸಾದವರಲ್ಲಿ ಇದ್ದಾರೆ. ಆದರೆ ಬಸವನಿಗೆ ಸರಳವಾಗಿ ಸಿಗಬೇಕಾಗಿದ್ದ ಹೆಣ್ಣುರೂಪ 'ಬಸವಿ' ಯಾರ ಹೆಸರೂ ಆಗಲಿಲ್ಲ. ಆ ಪದ ದೇವರಿಗೆ ಬಿಟ್ಟ ಹೆಣ್ಣುಮಕ್ಕಳಿಗೆ ಅಂಟಿಕೊಂಡಿತು. ಊರಿಗೆ ಬಸವನನ್ನು ಬಿಟ್ಟ ಹಾಗೆ ಮಗಳನ್ನು ಬಿಡುವ ಆ ಪದ್ಧತಿಯನ್ನು ಕರ್ನಾಟಕ ಸರ್ಕಾರ 1982ರ ದೇವದಾಸಿ ನಿಷೇಧ ಕಾಯ್ದೆಯಲ್ಲಿ ಅಪರಾಧ ಮಾಡಿತು. ಗಂಡಿಗೆ ಬಂದರೆ ಗೌರವದ ಹೆಸರು, ಹೆಣ್ಣಿಗೆ ಬಂದರೆ ಗಾಯ. ಒಂದೇ ಪದ. ಬಸವ್ವ ಅನ್ನುವ ಹೆಸರು ಬಸಪ್ಪನಿಗಿಂತ ಬೇಗ ಮರೆಯಾಗಿದ್ದಕ್ಕೆ ಇದೂ ಒಂದು ಕಾರಣ ಇರಬಹುದು ಎಂದು ನನಗೆ ಅನ್ನಿಸುತ್ತದೆ.

ಈ ಹೆಸರು ಇಷ್ಟು ಕಾಲ ಉಳಿದು ಬಂದದ್ದಕ್ಕೆ ಭಕ್ತಿಯ ಜೊತೆಗೆ ಮನೆಯ ಒಂದು ಕಟ್ಟಳೆಯೂ ಕಾರಣ. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು. ಹೀಗಾಗಿ ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಬಸಪ್ಪ ಮತ್ತೆ ಹುಟ್ಟುತ್ತಿದ್ದ. ಹೆಸರಿಗೆ ಹಳೆಯದಾಗಲು ಪುರುಸೊತ್ತೇ ಇರುತ್ತಿರಲಿಲ್ಲ, ಯಾವಾಗಲೂ ಒಬ್ಬ ಮುದುಕನ ಹತ್ತಿರ ಮತ್ತು ಒಬ್ಬ ಹುಡುಗನ ಹತ್ತಿರ ಅದು ಇರುತ್ತಿತ್ತು. ಒಂದೇ ತೊಡಕು ಅಂದರೆ ಸೊಸೆ ಮಾವನ ಹೆಸರು ಹೇಳುವಂತಿಲ್ಲ. ಆದ್ದರಿಂದ ಅವಳು ಮಗನನ್ನು ಅಪ್ಪಿ, ರಾಜು, ಮಲ್ಲು ಅಂತ ಬೇರೆ ಏನೋ ಕರೆಯುತ್ತಿದ್ದಳು. ನನ್ನ ತಮ್ಮ ಪಟ್ಟಿಯಲ್ಲಿ ಬಸವರಾಜ, ಮನೆಯಲ್ಲಿ ಇವತ್ತಿಗೂ ರಾಜು. ಅವ್ವ ಅವನ ಪೂರ್ತಿ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ. ನಮ್ಮಲ್ಲಿ ಬಹಳ ಜನರಿಗೆ ಎರಡು ಹೆಸರು ಇರುವುದು ಇದಕ್ಕೇ.

ಇನ್ನು ಬಸಪ್ಪ ಯಾವಾಗ ಬಸವರಾಜ ಆದ? ಬಸವರಾಜ ಅನ್ನುವುದು ಹೊಸ ಕಾಲದ ಹೆಸರು ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಹದಿಮೂರನೆಯ ಶತಮಾನದ ಹರಿಹರ ಬರೆದದ್ದು ಬಸವರಾಜದೇವರ ರಗಳೆ. 1260ರ ಅರ್ಜುನವಾಡ ಶಾಸನವೂ ಬಸವಣ್ಣನನ್ನು ಬಸವರಾಜ ಎಂದೇ ಹೇಳುತ್ತದೆ. ಆದರೆ ಅದು ಶಾಸನದ, ಕಾವ್ಯದ ಹೆಸರು. ಮನೆಯ ಹೆಸರು ಬಸಪ್ಪನೇ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಅರಮನೆಯಲ್ಲಿದ್ದು ಶಾಕುಂತಲವನ್ನು ಕನ್ನಡಕ್ಕೆ ತಂದ ದೊಡ್ಡ ಪಂಡಿತರ ಹೆಸರು ಬಸವಪ್ಪ ಶಾಸ್ತ್ರಿ. 1912ರಲ್ಲಿ ಹುಟ್ಟಿ, ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, 1977ರಲ್ಲಿ ಕೆಲವು ತಿಂಗಳು ದೇಶದ ಹಂಗಾಮಿ ರಾಷ್ಟ್ರಪತಿಯೂ ಆಗಿದ್ದವರು ಬಿ.ಡಿ. ಜತ್ತಿ. ಪೂರ್ತಿ ಹೆಸರು ಬಸಪ್ಪ ದಾನಪ್ಪ ಜತ್ತಿ. ರಾಷ್ಟ್ರಪತಿ ಭವನದಲ್ಲಿ ಒಬ್ಬ ಬಸಪ್ಪ ಕೂತಿದ್ದರು ಅನ್ನುವುದನ್ನು ನೆನಪು ಮಾಡಿಕೊಂಡರೆ ನನಗೆ ಈಗಲೂ ಎದೆ ತುಂಬುತ್ತದೆ. 1964ರಲ್ಲಿ ಬಸವ ಸಮಿತಿ ಕಟ್ಟಿದವರೂ ಅವರೇ.

ಇಪ್ಪತ್ತನೆಯ ಶತಮಾನದ ಶುರುವಿನಲ್ಲಿ ಗಾಳಿ ಬದಲಾಯಿತು. 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಬಸವ ಜಯಂತಿಯನ್ನು ಸಾರ್ವಜನಿಕ ಹಬ್ಬವಾಗಿ ಆಚರಿಸಲು ತೊಡಗಿದರು. ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಮನೆಮನೆಯಿಂದ ತಾಳೆಗರಿ ಕೂಡಿಸಿ 1923ರಲ್ಲಿ ವಚನಶಾಸ್ತ್ರ ಸಾರ ಅಚ್ಚು ಹಾಕಿಸಿದರು. ಅವರ ಪೂರ್ತಿ ಹೆಸರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ಮಗನ ಹೆಸರಲ್ಲಿ ಫಕೀರ, ಅಪ್ಪನ ಹೆಸರಲ್ಲಿ ಬಸವ. ನಮ್ಮ ಕಡೆಯ ಬದುಕು ಹೇಗಿತ್ತು ಅನ್ನುವುದಕ್ಕೆ ಈ ಒಂದು ಹೆಸರೇ ಸಾಕು. ಅಲ್ಲಿಯವರೆಗೆ ಜಾತ್ರೆಯ ತೇರಿನಲ್ಲಿದ್ದ ಬಸವಣ್ಣ ಈಗ ಪುಸ್ತಕಕ್ಕೆ, ಭಾಷಣಕ್ಕೆ, ಶಾಲೆಗೆ ಬಂದ. ಮಕ್ಕಳ ಹೆಸರನ್ನು ಶಾಲೆಯ ಪಟ್ಟಿಯಲ್ಲಿ ಬರೆಸುವ ಕಾಲವೂ ಅದೇ. ಬರೆಸುವ ಹೆಸರಿಗೆ ಸ್ವಲ್ಪ ಗತ್ತು ಬೇಕು ಅನ್ನಿಸಿತು. ಅಪ್ಪನ ಜಾಗಕ್ಕೆ ರಾಜ ಬಂದ. ಕಾದಂಬರಿಕಾರ ಬಸವರಾಜ ಕಟ್ಟೀಮನಿ ಬೆಳಗಾವಿ ಕಡೆ ಹುಟ್ಟಿದ್ದು 1919ರಲ್ಲಿ. ವಚನಗಳ ದೊಡ್ಡ ವಿದ್ವಾಂಸ ಎಲ್. ಬಸವರಾಜು ಹಳೇ ಮೈಸೂರು ಸೀಮೆಯಲ್ಲಿ ಹುಟ್ಟಿದ್ದೂ ಅದೇ 1919ರಲ್ಲಿ. ಉತ್ತರದಲ್ಲಿ ರಾಜ, ದಕ್ಷಿಣದಲ್ಲಿ ರಾಜು. ಒಂದೇ ವರ್ಷ, ಒಂದೇ ಹೆಸರು, ಬಾಲದ ಸ್ವರ ಮಾತ್ರ ಬೇರೆ.

ಈ ಹೆಸರು ಒಂದೇ ಜಾತಿಯ ಆಸ್ತಿ ಅಂತ ಈಗ ಬಹಳ ಜನ ತಿಳಿದಿದ್ದಾರೆ. ಅದೂ ತಪ್ಪು. ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ದಲಿತ ನಾಯಕರು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದವರು. ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದದ್ದಕ್ಕೆ ಎದ್ದ 1973ರ ಬೂಸಾ ಗಲಾಟೆಯ ನಡುವೆ ಇದ್ದವರೂ ಅವರೇ. ಒಕ್ಕಲಿಗರ ಬಸವೇಗೌಡ, ಕುರುಬರ ಬಸಪ್ಪ, ಗಾಣಿಗರ ಬಸಣ್ಣ ಎಲ್ಲ ನಮ್ಮ ಸುತ್ತ ಇದ್ದಾರೆ. ಎತ್ತು ಕಟ್ಟಿದ ಎಲ್ಲ ಮನೆಯಲ್ಲೂ ಈ ಹೆಸರಿತ್ತು.

ಅಪ್ಪ ಹೋಗಿ ರಾಜ ಬಂದದ್ದನ್ನು, ಆಮೇಲೆ ರಾಜನೂ ಹೋದದ್ದನ್ನು ಒಂದೇ ಮನೆಯಲ್ಲಿ ನೋಡಬೇಕಾದರೆ ಎಲ್ಲರಿಗೂ ಗೊತ್ತಿರುವ ಒಂದು ಮನೆತನ ಸಾಕು. ಮುಖ್ಯಮಂತ್ರಿ ಆಗಿದ್ದ ಎಸ್.ಆರ್. ಬೊಮ್ಮಾಯಿಯವರ ಹೆಸರು ಸೋಮಪ್ಪ, ಅವರ ತಂದೆ ರಾಯಪ್ಪ. ಮಗ 1960ರಲ್ಲಿ ಹುಟ್ಟಿದ ಬಸವರಾಜ, ಅವರೂ ಮುಖ್ಯಮಂತ್ರಿ ಆದರು. ಅವರ ಮಗ, 2024ರ ಶಿಗ್ಗಾಂವಿ ಉಪಚುನಾವಣೆಗೆ ನಿಂತವರು, ಭರತ್. ರಾಯಪ್ಪ, ಸೋಮಪ್ಪ, ಬಸವರಾಜ, ಭರತ್. ನಾಲ್ಕು ತಲೆಮಾರು. ಕರ್ನಾಟಕದ ಬೇಕಾದಷ್ಟು ಮನೆಗಳ ಲಗ್ನಪತ್ರಿಕೆಯಲ್ಲಿ ಇದೇ ಸಾಲು ಸಿಗುತ್ತದೆ. ಮಲ್ಲಪ್ಪನ ಮೊಮ್ಮಗ ಮಲ್ಲಿಕಾರ್ಜುನ, ಅವನ ಮಗ ಅರ್ಜುನ್. ಸಿದ್ದಪ್ಪನ ಮೊಮ್ಮಗ ಸಿದ್ಧಲಿಂಗ, ಅವನ ಮಗ ಸಿದ್ಧಾರ್ಥ್.

ಕೊನೆಯ ಸಾಲಿನ ಹೆಸರುಗಳನ್ನೆಲ್ಲ ಒಮ್ಮೆ ಜೋರಾಗಿ ಹೇಳಿ ನೋಡಿ. ಭರತ್, ಅರ್ಜುನ್, ರಿಷಭ್. ಎಲ್ಲವೂ ವ್ಯಂಜನಕ್ಕೆ ಬಂದು ಗಕ್ಕನೆ ನಿಲ್ಲುತ್ತವೆ. ಇದು ಹಿಂದಿಯ ಉಚ್ಚಾರ. ಹಿಂದಿಯಲ್ಲಿ ಪದದ ಕೊನೆಯ ಅಕಾರ ಬಿದ್ದು ಹೋಗುತ್ತದೆ, ರಾಮ ರಾಮ್ ಆಗುತ್ತಾನೆ. ಈಗಿನ ಕನ್ನಡ ಹಾಗಲ್ಲ, ಪದದ ಕೊನೆಗೆ ಸ್ವರ ಬೇಕು. ಇಂಗ್ಲಿಷಿನಿಂದ ಬಂದ ಬಸ್ಸಿಗೂ ಕಾರಿಗೂ ನಾವು ಉಕಾರ ಸೇರಿಸಿ ನಮ್ಮದು ಮಾಡಿಕೊಂಡಿದ್ದೇವೆ. ಬಸ್ಸಿಗೆ ಸ್ವರ ಕೊಟ್ಟ ನಾವು ನಮ್ಮ ಮಕ್ಕಳ ಹೆಸರಿನ ಸ್ವರ ಕಿತ್ತುಕೊಂಡಿದ್ದೇವೆ. ಬಸವರಾಜ ಕೂಡ ಬೆಂಗಳೂರಿಗೆ ಬಂದ ಮೇಲೆ ಬಸವರಾಜ್ ಆದ.

ನನ್ನ ತಮ್ಮನಿಗೆ ಆದದ್ದು ಅದೇ, ಇನ್ನೂ ಒಂದು ಹೆಜ್ಜೆ ಮುಂದೆ. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಕಂಪನಿ ಸೇರಿದ. ಮೊದಲ ವಾರವೇ ಮೇಲಿನವರು ಹೇಳಿದರಂತೆ, ಹೊರದೇಶದವರ ಜೊತೆ ಮಾತಾಡುವಾಗ ಇಂಗ್ಲಿಷಿನಲ್ಲಿ ಒಂಬತ್ತು ಅಕ್ಷರದ ಹೆಸರು ಕಷ್ಟ, ರಾಜ್ ಅಂತ ಇಟ್ಟುಕೋ ಎಂದು. ಅವನು ಇಟ್ಟುಕೊಂಡ. ಜೊತೆಗೆ ಕೂರುವ ಕೆಲವರು 'ಬಸ್ಯಾ' ಅಂತ ಸಿನಿಮಾದ ಹಳ್ಳಿಗುಗ್ಗನ ದನಿಯಲ್ಲಿ ಕರೆಯುತ್ತಿದ್ದರು. ನಮ್ಮೂರಲ್ಲಿ ಬಸ್ಯಾ ಅನ್ನುವುದು ಗೆಳೆಯನ ಕೂಗು. ಅಲ್ಲಿ ಅದು ಅವಮಾನ ಆಯಿತು. ಫಾರ್ಮುಗಳಲ್ಲಿ ಕೊನೆಯ ಹೆಸರು ಯಾವುದು, ಮೊದಲ ಹೆಸರು ಯಾವುದು ಅನ್ನುವ ಗೊಂದಲ. ಒಂದು ಕಾಗದದಲ್ಲಿ ಬಸವರಾಜ್, ಇನ್ನೊಂದರಲ್ಲಿ ಬಸವರಾಜ, ಮತ್ತೊಂದರಲ್ಲಿ ಬಸ್ವರಾಜ್. ಅದನ್ನೆಲ್ಲ ಒಂದೇ ಮಾಡಿಸೋಕೆ ನೋಟರಿ ಮುಂದೆ ಅಫಿಡವಿಟ್ ಮಾಡಿಸಿದ. ಮಗ ಹುಟ್ಟಿದಾಗ ಅವನು ನನಗೆ ಫೋನ್ ಮಾಡಿ ಹೇಳಿದ ಮಾತು ಇದು: 'ಅಕ್ಕಾ, ಅಜ್ಜನ ಹೆಸರು ಅಂದ್ರ ನನಗೂ ಪ್ರೀತಿ ಐತಿ. ಆದ್ರ ನನಗ ಆದದ್ದು ನನ್ನ ಮಗಗ ಆಗೂದು ಬ್ಯಾಡ.'

ನಾನು ಅವನಿಗೆ ಏನೂ ಹೇಳಲಿಲ್ಲ. ನಾಮಕರಣದ ದಿನ ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು. ರಿಷಭ್ ಎಂದು ಅವನ ಕಿವಿಯಲ್ಲಿ ಹೇಳಿದವಳು ನಾನೇ. ಸುತ್ತಲಿದ್ದವರು ಬೆನ್ನಿಗೆ ಗುದ್ದಿದರು, ನಕ್ಕೆವು, ಗುಗ್ಗರಿ ಹಂಚಿದೆವು.

ರಿಷಭ್ ಯಾಕೆ ಬಂತು? ತಮ್ಮನ ಹೆಂಡತಿಗೆ ಕ್ರಿಕೆಟ್ ಪ್ರಾಣ, ರಿಷಭ್ ಪಂತ್ ಆಗ ತಂಡದಲ್ಲಿ ಮಿಂಚುತ್ತಿದ್ದ. ಕನ್ನಡದವರಿಗೆ ಈಗ ಆ ಹೆಸರು ಅಂದ ಕೂಡಲೇ ನೆನಪಾಗುವುದು ರಿಷಬ್ ಶೆಟ್ಟಿ. ಅವರ ಹುಟ್ಟುಹೆಸರು ಪ್ರಶಾಂತ್, ಸಿನಿಮಾಕ್ಕೆ ಬಂದ ಮೇಲೆ ಬದಲಿಸಿಕೊಂಡರು. ಇನ್ನೊಂದು ಕಾರಣ ನಕ್ಷತ್ರದ ಅಕ್ಷರ. ಮೊದಲು ಜಾತಕದ ಹೆಸರು ಜಾತಕದಲ್ಲಿ ಇರುತ್ತಿತ್ತು, ಕರೆಯುವ ಹೆಸರು ಅಜ್ಜನದೋ ದೇವರದೋ ಆಗಿರುತ್ತಿತ್ತು. ಈಗ ಎರಡೂ ಒಂದೇ ಆಗಿದೆ. ಜ್ಯೋತಿಷಿ 'ರೀ' ಅಂದರೆ ಮೊಬೈಲಿನಲ್ಲಿ 'ರಿ'ಯಿಂದ ಶುರುವಾಗುವ ಹೆಸರು ಹುಡುಕುತ್ತೇವೆ. ಆ ಪಟ್ಟಿಗಳು ದೇಶಕ್ಕೆಲ್ಲ ಒಂದೇ. ಅದರಲ್ಲಿ ಬಸಪ್ಪ ಇರುವುದಿಲ್ಲ. ಇಲ್ಲೊಂದು ವಿಚಿತ್ರವೂ ಇದೆ. ಪಂಚಾಂಗದ ಪ್ರಕಾರ ರೀ ಅಕ್ಷರ ಚಿತ್ತಾ ನಕ್ಷತ್ರದ್ದು, ಸೇರುವುದು ತುಲಾ ರಾಶಿಗೆ. ವೃಷಭ ರಾಶಿಯಲ್ಲಿ ಬರುವ ರೋಹಿಣಿಯ ಅಕ್ಷರಗಳು ಓ, ವಾ, ವೀ, ವೂ. ಅಂದರೆ ಅಕ್ಷರ ನೋಡಿ ಹೆಸರಿಡುವವರು ವೃಷಭ ರಾಶಿಯ ಮಗುವಿಗೆ ರಿಷಭ್ ಅಂತ ಇಡುವ ಹಾಗಿಲ್ಲ.

ಜಾತಿಯ ಮಾತನ್ನೂ ಮುಚ್ಚಿಡಬಾರದು. ಬಸಪ್ಪ ಅಂದ ಕೂಡಲೇ ಯಾವ ಜಿಲ್ಲೆ, ಯಾವ ಜನ, ಒಕ್ಕಲುತನದ ಮನೆಯೋ ಅಲ್ಲವೋ ಎಲ್ಲ ಎದುರಿನವರು ಲೆಕ್ಕ ಹಾಕಿಬಿಡುತ್ತಾರೆ. ಆ ಲೆಕ್ಕದಿಂದ ತಪ್ಪಿಸಿಕೊಳ್ಳಬೇಕು ಅನ್ನುವ ಆಸೆ ಸಣ್ಣದಲ್ಲ, ತಪ್ಪೂ ಅಲ್ಲ. ಅದರಲ್ಲೂ ಹೆಸರು ಹೇಳಿದ ಕೂಡಲೇ ಬಾಡಿಗೆ ಮನೆ ಕೈತಪ್ಪುವ ಜನರಿಗೆ ಯಾವ ಊರಿನದೂ ಅನ್ನಿಸದ ಹೆಸರು ಒಂದು ರಕ್ಷೆ. ನಾನು ಇದನ್ನು ಮನಸಾರೆ ಒಪ್ಪುತ್ತೇನೆ.

ಆದರೂ ಒಂದು ಮಾತು ಹೇಳಲೇಬೇಕು. ಬಸವಣ್ಣನ ಹೆಸರನ್ನು ನಾವು ಕಡಿಮೆ ಏನೂ ಮಾಡಿಲ್ಲ. ರಸ್ತೆಗೆ ಇಟ್ಟಿದ್ದೇವೆ, ವೃತ್ತಕ್ಕೆ ಇಟ್ಟಿದ್ದೇವೆ, ಬಡಾವಣೆಗೆ ಇಟ್ಟಿದ್ದೇವೆ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಅವನ ಪ್ರತಿಮೆ ನಿಂತಿತು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಅವನನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಸಾರಿತು. ಕಲ್ಲಿಗೆ, ಕಂಚಿಗೆ, ಬೋರ್ಡಿಗೆ ಆ ಹೆಸರು ಬೇಕು. ಮಗುವಿಗೆ ಬೇಡ. ಬಸವ ಜಯಂತಿಯ ಮೆರವಣಿಗೆಯಲ್ಲಿ ಕುದುರೆ ಮೇಲೆ ಬಸವಣ್ಣನ ವೇಷ ಹಾಕಿ ಕೂತ ಹುಡುಗರ ಹೆಸರು ಕೇಳಿ ನೋಡಿ, ವಿಹಾನ್ ಅಂತಾರೆ, ಅದ್ವಿಕ್ ಅಂತಾರೆ.

ಚಿಕ್ಕ ಹೆಸರೇ ಬೇಕು ಅನ್ನುವವರಿಗೆ ನನ್ನದೊಂದು ಕೇಳಿಕೆ ಇದೆ. ಅಪ್ಪ ಬೇಡ, ರಾಜ ಬೇಡ, ಬರೀ ಬಸವ ಅಂತ ಇಡಿ. ಮೂರೇ ಅಕ್ಷರ. ಯಾವ ದೇಶದವರ ನಾಲಿಗೆಗೂ ಕಷ್ಟ ಅಲ್ಲ. ಜಾತಿಯ ಬಾಲ ಇಲ್ಲ. ಕಲ್ಯಾಣದ ಶರಣರು ವಚನಗಳಲ್ಲಿ ಅವನನ್ನು ಎಷ್ಟೋ ಸಲ ಬರೀ ಬಸವ ಎಂದೇ ಕರೆದಿದ್ದಾರೆ. ಹೆಣ್ಣುಮಗುವಾದರೆ ಅವನ ಹೆಂಡತಿ ನೀಲಾಂಬಿಕೆಯ ಹೆಸರಿದೆ, ನೀಲಾ ಅನ್ನಿ. ತಮ್ಮನಿಗೆ ಇದನ್ನು ಹೇಳಿದ್ದೇನೆ. ಅವನು 'ನೋಡೂಣು' ಅಂದಿದ್ದಾನೆ.

ಪತ್ರಿಕೆ ಬಂದ ದಿನದ ಮಾತು ಇನ್ನೊಂದು ಉಳಿದಿದೆ. ರಿಷಭ ಅಂದರೂ ಬಸವ ಅಂದರೂ ಒಂದೇ ಎಂದು ನಾನು ಹೇಳುತ್ತಿದ್ದಾಗ ಅಮ್ಮ ಮೂಲೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಕಿವಿ ಸ್ವಲ್ಪ ಮಂದ. ಹತ್ತಿರ ಹೋಗಿ ಇನ್ನೊಮ್ಮೆ ಹೇಳಿದೆ. 'ಅಮ್ಮಾ, ರಿಸಬ ಅಂದ್ರ ಬಸವಣ್ಣ. ಅಜ್ಜನ ಹೆಸರು ಅದು. ಐದು ವರ್ಷದಿಂದ ನೀ ಅಜ್ಜನ ಹೆಸರು ಹಿಡಿದು ಕರಿಯಾಕತ್ತೀದಿ.'

ಅವಳ ಕೈ ನಿಂತಿತು. ಸೆರಗು ಬಾಯಿಗೆ ಹೋಯಿತು, ಒಡಪು ಹೇಳಿದ ಮೇಲೆ ಹೋಗುತ್ತಿದ್ದ ಹಾಗೆಯೇ.

'ಖರೇನ? ಹಂಗಾದ್ರ ಈಗ ನಾ ಕೂಸಿಗೆ ಏನಂತ ಕರೀಲೆವಾ?'

ನನಗೆ ಉತ್ತರ ಹೊಳೆಯಲಿಲ್ಲ. ಸಂಜೆ ಹುಡುಗ ಅಂಗಳದಲ್ಲಿ ಆಡುತ್ತಿದ್ದ. ಒಳಗಿನಿಂದ ಅಮ್ಮನ ಕೂಗು ಕೇಳಿಸಿತು. 'ನಂದೆಪ್ಪಾ, ಕತ್ತಲಾತು, ಒಳಗ ಬಾ.' ಅವನು ಒಂದು ಗಳಿಗೆ ನಿಂತು ನೋಡಿದ. ಆಮೇಲೆ ಓಡಿ ಬಂದ.